ಐಸಿಯುವಿನ ಅಂಕ ರೋಗಿಯ ಹಣೆಬರಹವಲ್ಲ

ತೀವ್ರ ನಿಗಾ ಘಟಕಕ್ಕೆ ರೋಗಿ ದಾಖಲಾದ ಮೊದಲ ದಿನವೇ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಅವನ ಹೆಸರಿನ ಮುಂದೆ ಒಂದು ಅಂಕ ಬೀಳುತ್ತದೆ. ಇಂಥ ಅಂಕಪದ್ಧತಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಪಾಚಿ-2. ಸೋಫಾ, ಸ್ಯಾಪ್ಸ್ ಎಂಬ ಇನ್ನೂ ಕೆಲವು ಇವೆ. ನಾಡಿ, ರಕ್ತದೊತ್ತಡ, ಉಸಿರಾಟ, ಪ್ರಜ್ಞೆ, ರಕ್ತಪರೀಕ್ಷೆಯ ಫಲಿತಾಂಶಗಳನ್ನೆಲ್ಲ ಕೂಡಿಸಿ ರೋಗ ಎಷ್ಟು ಬಿಗಡಾಯಿಸಿದೆ ಎಂದು ಅಳೆಯುವ ಲೆಕ್ಕವಿದು. ಲೆಕ್ಕ ಕಡತದಲ್ಲಿಯೇ ಉಳಿದಿದ್ದರೆ ತಕರಾರಿಲ್ಲ. ಆದರೆ ಅದು ಅಲ್ಲಿಂದ ಎದ್ದು ಐಸಿಯು ಬಾಗಿಲ ಹೊರಗೆ ಕಾದು ಕುಳಿತವರ ಬಳಿಗೆ ಬರುತ್ತದೆ. “ಸ್ಕೋರ್ 30 ಇದೆ, ಸಾವಿನ ಸಾಧ್ಯತೆ ಶೇ 70” ಎಂಬ ಮಾತಾಗುತ್ತದೆ. ಆ ಮಾತು ಕೇಳಿದ ಮನೆಯವರು ಜಮೀನು ಅಡವಿಡಬೇಕೋ, ರೋಗಿಯನ್ನು ಊರಿಗೆ ಕರೆದೊಯ್ಯಬೇಕೋ ಎಂದು ಅಂದು ಸಂಜೆಯೊಳಗೆ ತೀರ್ಮಾನಿಸುತ್ತಾರೆ.

ಇದರ ಹಿಂದೆ ಒಂದು ಗಟ್ಟಿ ನಂಬಿಕೆಯಿದೆ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದಲ್ಲೇ ಹೇಳುವುದಾದರೆ ಹೀಗೆ: ವೈದ್ಯರ ಊಹೆಯಲ್ಲಿ ಪಕ್ಷಪಾತವಿರುತ್ತದೆ, ಅಂಕದಲ್ಲಿ ಇರುವುದಿಲ್ಲ. ಈ ಸೂತ್ರಗಳನ್ನು ಸಾವಿರಾರು ರೋಗಿಗಳ ಮಾಹಿತಿಯಿಂದ ಕಟ್ಟಲಾಗಿದೆ. ಅವುಗಳ ನಿಖರತೆ ಶೇ 85ರಿಂದ 90ರಷ್ಟು ಎಂದು ಪ್ರತಿಷ್ಠಿತ ಪತ್ರಿಕೆಗಳಲ್ಲಿ ಪ್ರಕಟವಾಗಿದೆ. ಆದ್ದರಿಂದ ಯಾರು ಬದುಕುತ್ತಾರೆ, ಯಾರು ಉಳಿಯುವುದಿಲ್ಲ ಎಂಬುದನ್ನು ಮೊದಲ 24 ಗಂಟೆಗಳಲ್ಲೇ ಹೆಚ್ಚುಕಡಿಮೆ ಹೇಳಬಹುದು. ಚಿಕಿತ್ಸೆ ಮುಂದುವರಿಸುವ, ನಿಲ್ಲಿಸುವ ನಿರ್ಧಾರಕ್ಕೂ ಅದೇ ಆಧಾರವಾಗಬಹುದು.

ಈ ನಂಬಿಕೆ ತಪ್ಪು. ಸೂತ್ರ ಕಟ್ಟಿದವರು ಕೊಟ್ಟ ಭರವಸೆಯೇ ಬೇರೆ, ಬಳಸುವವರು ಅದರಿಂದ ಹಿಂಡುತ್ತಿರುವ ಅರ್ಥವೇ ಬೇರೆ. ಇವೆರಡರ ನಡುವಿನ ಅಂತರದಲ್ಲಿ ಬದುಕಬಹುದಾಗಿದ್ದ ರೋಗಿಗಳೂ ಸಿಕ್ಕಿಕೊಳ್ಳುತ್ತಾರೆ.

ಮೊದಲು ಅಪಾಚಿ-2ರ ಹುಟ್ಟನ್ನೇ ನೋಡಬೇಕು. ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಲಿಯಂ ನಾಸ್ ಮತ್ತು ಸಂಗಡಿಗರು 1985ರಲ್ಲಿ ಇದನ್ನು ಪ್ರಕಟಿಸಿದರು. ಆಧಾರ, 13 ಅಮೆರಿಕನ್ ಆಸ್ಪತ್ರೆಗಳ 5,815 ರೋಗಿಗಳು. ಮಾಹಿತಿ ಕಲೆಹಾಕಿದ್ದು 1979ರಿಂದ 1982ರ ನಡುವೆ. ಜ್ವರ, ನಾಡಿ, ಉಸಿರಾಟದ ವೇಗ, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನೈನ್, ಬಿಳಿ ರಕ್ತಕಣಗಳೂ ಸೇರಿ 12 ಅಳತೆಗಳಲ್ಲಿ ಮೊದಲ 24 ಗಂಟೆಗಳ ಅತಿ ಕೆಟ್ಟ ಮೌಲ್ಯವನ್ನು ಹಿಡಿದು ಅಂಕ ಕೊಡುತ್ತಾರೆ. ವಯಸ್ಸಿಗೆ ಒಂದಿಷ್ಟು, ಹಳೆಯ ಕಾಯಿಲೆಗಳಿಗೆ ಒಂದಿಷ್ಟು ಸೇರುತ್ತವೆ. ಗರಿಷ್ಠ 71.

ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಅಂಕವನ್ನು ಸಾವಿನ ಶೇಕಡಾವಾರಿಗೆ ತಿರುಗಿಸಬೇಕಾದರೆ ರೋಗಿ ಯಾವ ಕಾಯಿಲೆಯಿಂದ ಐಸಿಯುವಿಗೆ ಬಂದ ಎಂಬುದಕ್ಕೆ ಪ್ರತ್ಯೇಕ ತೂಕವನ್ನು ಸೇರಿಸಬೇಕು ಎಂದು ನಾಸ್ ತಂಡವೇ ಸೂತ್ರದಲ್ಲಿ ಬರೆದಿದೆ. ಈ ತೂಕ ಎಷ್ಟು ದೊಡ್ಡದು? 24 ಅಂಕದ ರೋಗಿಯನ್ನು ತೆಗೆದುಕೊಳ್ಳಿ. ಕಾಯಿಲೆಯ ತೂಕ ಸೇರಿಸದಿದ್ದರೆ ಸೂತ್ರ ಹೇಳುವ ಸಾವಿನ ಸಾಧ್ಯತೆ ಶೇ 50ರ ಆಸುಪಾಸು. ಅದೇ 24 ಅಂಕದ ರೋಗಿ ಹೃದಯ ನಿಂತು ಮತ್ತೆ ಬಡಿದವನಾಗಿದ್ದರೆ ಶೇ 59. ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋಗಿ ರಕ್ತ ಆಮ್ಲಮಯವಾದವನಾಗಿದ್ದರೆ ಶೇ 18. ಅತಿಯಾಗಿ ಮಾತ್ರೆ ನುಂಗಿದವನಾಗಿದ್ದರೆ ಶೇ 3. ಒಂದೇ ಅಂಕಕ್ಕೆ ಮೂರರಿಂದ ಐವತ್ತೊಂಬತ್ತರವರೆಗೆ ಉತ್ತರಗಳಿವೆ. ಹೀಗಿರುವಾಗ “ಸ್ಕೋರ್ ಇಷ್ಟು, ಆದ್ದರಿಂದ ಸಾಧ್ಯತೆ ಇಷ್ಟು” ಎಂದು ಬರೀ ಅಂಕವನ್ನು ಮುಂದಿಟ್ಟು ಹೇಳುವವರು ಸೂತ್ರವನ್ನು ಅರ್ಧಕ್ಕೇ ಓದಿದವರು.

ಪೂರ್ತಿ ಓದಿದವರ ಕೈಯಲ್ಲೂ ಒಂದು ಮೂಲಭೂತ ಗೊಂದಲ ಉಳಿಯುತ್ತದೆ. ಅದು ನಿಖರತೆ ಎಂಬ ಮಾತಿನ ಬಗ್ಗೆ. ಪತ್ರಿಕೆಗಳಲ್ಲಿ ಕಾಣುವ 0.85, 0.90 ಎಂಬ ಸಂಖ್ಯೆಗಳು ನೂರರಲ್ಲಿ 85 ಜನರ ಭವಿಷ್ಯ ಸರಿಯಾಗಿ ಹೇಳಿದೆ ಎಂಬುದರ ಲೆಕ್ಕವಲ್ಲ. ಸತ್ತ ರೋಗಿಗಳಲ್ಲಿ ಒಬ್ಬನನ್ನು, ಬದುಕಿದವರಲ್ಲಿ ಒಬ್ಬನನ್ನು ಚೀಟಿ ಎತ್ತಿದಂತೆ ಆರಿಸಿ ಅಕ್ಕಪಕ್ಕ ಇಟ್ಟರೆ, ಸತ್ತವನ ಅಂಕವೇ ಹೆಚ್ಚಾಗಿರುವ ಪ್ರಸಂಗ ನೂರರಲ್ಲಿ 85 ಎಂದಷ್ಟೇ ಅದರ ಅರ್ಥ. ಇದು ಇಬ್ಬರನ್ನು ಹೋಲಿಸುವ ಅಳತೆ. ವೈದ್ಯರ ಮುಂದೆ ಹಾಸಿಗೆಯಲ್ಲಿ ಮಲಗಿರುವವರು ಒಬ್ಬರೇ. ಅಷ್ಟೇ ಅಲ್ಲ, ಸೂತ್ರ ಹೇಳುವ ಎಲ್ಲ ರೋಗಿಗಳ ಶೇಕಡಾವಾರನ್ನೂ ಅರ್ಧಕ್ಕೆ ಇಳಿಸಿದರೂ ಈ 0.85 ಕದಲುವುದಿಲ್ಲ; ಏಕೆಂದರೆ ಯಾರು ಮೇಲೆ, ಯಾರು ಕೆಳಗೆ ಎಂಬ ಸಾಲು ಬದಲಾಗುವುದಿಲ್ಲ. ಅಂದರೆ ನಿಖರತೆಯ ಪ್ರಮಾಣಪತ್ರವೆಂದು ತೋರಿಸುವ ಆ ಸಂಖ್ಯೆ, ಮನೆಯವರಿಗೆ ಹೇಳಿದ “ಶೇ 70” ಸರಿಯೋ ತಪ್ಪೋ ಎಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ.

1991ರಲ್ಲಿ ಇದೇ ನಾಸ್ ತಂಡ 40 ಆಸ್ಪತ್ರೆಗಳ 17,440 ರೋಗಿಗಳನ್ನು ಆಧರಿಸಿ ಅಪಾಚಿ-3 ಹೊರತಂದಿತು. ಐಸಿಯುವಿಗೆ ಬಂದ ಶೇ 95ರಷ್ಟು ರೋಗಿಗಳಿಗೆ ಕೊಡುವ ಅಂದಾಜು, ವಾಸ್ತವದಲ್ಲಿ ಕಂಡ ಸಾವಿನ ಪ್ರಮಾಣದಿಂದ ಶೇ 3ರಷ್ಟು ಅಂತರದೊಳಗೆ ಇರುತ್ತದೆ ಎಂದು ಅದು ಹೇಳಿಕೊಂಡಿತು. ಕೇಳಿದವರಿಗೆ ಇದು ಪವಾಡದಂತೆ ಕಾಣುತ್ತದೆ. ಆದರೆ ಒಬ್ಬ ರೋಗಿಯ ವಿಷಯದಲ್ಲಿ “ವಾಸ್ತವದಲ್ಲಿ ಕಂಡ ಪ್ರಮಾಣ” ಎನ್ನುವುದೇ ಇಲ್ಲ. ಅವನು ಸಾಯುತ್ತಾನೆ ಅಥವಾ ಬದುಕುತ್ತಾನೆ. ಶೇ 40ರಷ್ಟು ಸಾಯುವುದಿಲ್ಲ. ಆ ಶೇ 3 ಒಂದೇ ಬಗೆಯ ಅಂದಾಜು ಪಡೆದ ಗುಂಪಿಗೆ ಸಂಬಂಧಿಸಿದ ಮಾತು. ಈ ಸಲ ರಾಜ್ಯದಲ್ಲಿ ವಾಡಿಕೆಯ ಮಳೆ ಎಂದು ಹವಾಮಾನ ಇಲಾಖೆ ಹೇಳಿ, ಅದು ಕರಾರುವಾಕ್ಕಾಗಿ ನಿಜವಾದ ವರ್ಷದಲ್ಲೂ ಹಿರಿಯೂರಿನ ಯಾವುದೋ ಒಂದು ಹೊಲ ಒಣಗಿರುತ್ತದೆ. ಇಲಾಖೆಯ ಲೆಕ್ಕ ತಪ್ಪಲ್ಲ. ಅದನ್ನು ನಂಬಿ ಆ ಒಂದು ಹೊಲಕ್ಕೆ ಬೀಜ ಹಾಕಿದ್ದು ತಪ್ಪು.

ಗುಂಪಿನ ಅಂದಾಜು ಒಬ್ಬನ ಸಾವನ್ನು ಎಷ್ಟು ಹತ್ತಿರದಿಂದ ಕಾಣಬಲ್ಲದು? ಇದಕ್ಕೆ ಉತ್ತರವು, ಅಮೆರಿಕದ ಐದು ಬೋಧಕ ಆಸ್ಪತ್ರೆಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ತೀವ್ರ ರೋಗಿಗಳನ್ನು ಒಳಗೊಂಡ ‘ಸಪೋರ್ಟ್’ ಅಧ್ಯಯನದಲ್ಲಿದೆ. ಅದರ ಮುಂದಾಳುಗಳಲ್ಲಿ ನಾಸ್ ಕೂಡ ಒಬ್ಬರು. ಅಧ್ಯಯನದಲ್ಲಿ ತೀರಿಕೊಂಡವರಿಗೆ ಸೂತ್ರ ಕೊಟ್ಟಿದ್ದ ಅಂದಾಜುಗಳನ್ನು ಹಿಂದಿರುಗಿ ನೋಡಿದಾಗ, ಸಾಯುವ ಏಳು ದಿನ ಮೊದಲು ಅವರು ಇನ್ನೂ ಎರಡು ತಿಂಗಳು ಬದುಕುವ ಸಾಧ್ಯತೆಯ ಮಧ್ಯಾಂಕ ಶೇ 51 ಇತ್ತು. ಸಾಯುವ ಹಿಂದಿನ ದಿನವೂ ಶೇ 17 ಇತ್ತು. ನಾಳೆ ಇಲ್ಲವಾಗುವವರ ಬಗ್ಗೆ ಇಂದು ಇಷ್ಟು ಅನಿಶ್ಚಿತವಾಗಿ ಮಾತಾಡುವ ಲೆಕ್ಕವನ್ನು ಹಿಡಿದುಕೊಂಡು ದಾಖಲಾದ ಮೊದಲ ದಿನವೇ ತೀರ್ಪು ಹೇಳುವುದಕ್ಕೆ ಯಾವ ಆಧಾರವಿದೆ? ಅದೇ ಅಧ್ಯಯನದ ಎರಡನೇ ಹಂತದಲ್ಲಿ ಈ ಅಂದಾಜುಗಳನ್ನು ವೈದ್ಯರಿಗೆ ನಿತ್ಯ ಒದಗಿಸಿ, ತರಬೇತಾದ ದಾದಿಯರ ಮೂಲಕ ಮನೆಯವರ ಜೊತೆ ಮಾತುಕತೆ ನಡೆಸಿದರು. ರೋಗಿಗಳ ನೋವಿನಲ್ಲಾಗಲಿ, ಐಸಿಯುವಿನಲ್ಲಿ ಕಳೆದ ದಿನಗಳಲ್ಲಾಗಲಿ ಯಾವ ಸುಧಾರಣೆಯೂ ಕಾಣಲಿಲ್ಲವೆಂದು 1995ರಲ್ಲಿ ವರದಿಯಾಯಿತು.

ಇನ್ನು ಕಾಲದ ಪ್ರಶ್ನೆ. ಚಿಕಿತ್ಸೆ ನಿಂತಲ್ಲೇ ನಿಲ್ಲುವುದಿಲ್ಲ. ಸೂತ್ರ ಮಾತ್ರ ಅದು ಹುಟ್ಟಿದ ವರ್ಷದಲ್ಲೇ ನಿಂತಿರುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಐಸಿಯುಗಳ ಒಂದು ಲಕ್ಷಕ್ಕೂ ಹೆಚ್ಚು ತೀವ್ರ ಸೋಂಕಿನ ರೋಗಿಗಳ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. 2000ದಲ್ಲಿ ಶೇ 35 ಇದ್ದ ಸಾವು 2012ಕ್ಕೆ ಶೇ 18.4ಕ್ಕೆ ಇಳಿದಿತ್ತು. ಹನ್ನೆರಡು ವರ್ಷದಲ್ಲಿ ಸಾವು ಅರ್ಧಕ್ಕೆ ಇಳಿದರೆ, ನಾಲ್ಕು ದಶಕದ ಹಿಂದಿನ ಮಾಹಿತಿಯ ಮೇಲೆ ನಿಂತ ಶೇಕಡಾವಾರು ಇವತ್ತಿನ ರೋಗಿಗೆ ಹೇಗೆ ಒಪ್ಪುತ್ತದೆ? ಆ ದೇಶಗಳು ಹಳೆಯ ಅಪಾಚಿಯನ್ನು ನೆಚ್ಚಿ ಕೂರದೆ ತಮ್ಮದೇ ರೋಗಿಗಳ ಮಾಹಿತಿಯಿಂದ ಹೊಸ ಸೂತ್ರ ಕಟ್ಟಿಕೊಂಡವು. ಬ್ರಿಟನ್ನೂ ಹಾಗೆಯೇ ಮಾಡಿತು. ಅಮೆರಿಕದಲ್ಲೇ 2006ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಆಧಾರದ ಅಪಾಚಿ-4 ಬಂತು. ಭಾರತದಲ್ಲಿ ಇಂದಿಗೂ ಹೆಚ್ಚು ಓಡಾಡುತ್ತಿರುವುದು 1985ರ ಅಪಾಚಿ-2.

ಕಾಲಕ್ಕಿಂತ ದೊಡ್ಡ ಸಮಸ್ಯೆ ನೆಲದ್ದು. ಅಪಾಚಿ-2ರ ಕಾಯಿಲೆಗಳ ಪಟ್ಟಿಯಲ್ಲಿ ಹಾವು ಕಡಿತಕ್ಕೆ ಒಂದು ಸಾಲಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅಷ್ಟು ಸಾಮಾನ್ಯ ಅದು ಇಲ್ಲಿ. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ವಿಷ ನರ ಮತ್ತು ಸ್ನಾಯುಗಳ ನಡುವಿನ ಕೊಂಡಿಯನ್ನು ಕಡಿದುಹಾಕುತ್ತದೆ. ರೆಪ್ಪೆ ಎತ್ತಲಾಗದು, ಕೈ ಕಾಲು ಆಡಿಸಲಾಗದು, ಉಸಿರೆಳೆಯಲಾಗದು. ಕೆಲವರಲ್ಲಿ ಕಣ್ಣಿನ ಪಾಪೆ ಕೂಡ ಬೆಳಕಿಗೆ ಪ್ರತಿಕ್ರಿಯಿಸುವುದಿಲ್ಲ. ಮೆದುಳು ಸತ್ತವರಂತೆ ಕಾಣುವ ಈ ರೋಗಿಗಳ ಮೆದುಳು ಆರೋಗ್ಯವಾಗಿರುತ್ತದೆ. ಸುತ್ತಲಿನವರ ಮಾತು ಅವರಿಗೆ ಕೇಳಿಸುತ್ತಿರಬಹುದು. ಪ್ರಜ್ಞೆ ಅಳೆಯುವ ಗ್ಲಾಸ್ಗೋ ಮಾಪನದಲ್ಲಿ ಇವರಿಗೆ ಸಿಗುವುದು ಕನಿಷ್ಠ ಅಂಕವಾದ 3. ಅಪಾಚಿ-2 ಅದನ್ನು 15ರಿಂದ ಕಳೆದು 12 ಅಂಕ ಸೇರಿಸುತ್ತದೆ. ಸೂತ್ರದ ಪ್ರಕಾರ ಈ 12 ಅಂಕವೊಂದೇ ಸಾವು–ಬದುಕಿನ ಅನುಪಾತವನ್ನು ಸುಮಾರು ಆರು ಪಟ್ಟು ಏರಿಸುತ್ತದೆ. ಆದರೆ ವೆಂಟಿಲೇಟರಿನಲ್ಲಿಟ್ಟು ಕೆಲವು ದಿನ ತಾಳ್ಮೆಯಿಂದ ಕಾದರೆ ಇಂಥವರು ಎದ್ದು ನಡೆದುಕೊಂಡು ಮನೆಗೆ ಹೋಗುತ್ತಾರೆ. ದೇಶದ ಅನೇಕ ಆಸ್ಪತ್ರೆಗಳ ವೈದ್ಯರು ಇಂಥ ಪ್ರಕರಣಗಳನ್ನು ದಾಖಲಿಸಿದ್ದಾರೆ.

ಕೀಟನಾಶಕದ ವಿಷಯವೂ ಇಷ್ಟೇ ಗಂಭೀರ. ಔಷಧ ಅತಿಸೇವನೆಗೆ ಅಪಾಚಿ-2 ಕೊಡುವ ತೂಕ ಅಮೆರಿಕದಲ್ಲಿ ಮಾತ್ರೆ ನುಂಗಿ ಬಂದವರನ್ನು ನೋಡಿ ನಿಗದಿಯಾದದ್ದು. ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕುಡಿದ ರೈತನನ್ನು ಅದೇ ಸಾಲಿಗೆ ಸೇರಿಸಿದರೆ ಅಪಾಯ ಇರುವುದಕ್ಕಿಂತ ತೀರಾ ಕಡಿಮೆಯೆಂದು ಲೆಕ್ಕ ತೋರಿಸುತ್ತದೆ. ಸೇರಿಸದಿದ್ದರೆ ಬೇರೆ ಸಾಲಿಲ್ಲ. ಮೇಲಾಗಿ, ಅವನನ್ನು ಉಳಿಸಲು ಕೊಟ್ಟ ಅಟ್ರೋಪಿನ್ ನಾಡಿಯ ವೇಗ ಹೆಚ್ಚಿಸುತ್ತದೆ. ಅಂಕ ಹಾಕುವವರಿಗೆ ಚಿಕಿತ್ಸೆಯ ಪರಿಣಾಮವೇ ಕಾಯಿಲೆಯ ತೀವ್ರತೆಯಾಗಿ ಕಾಣುತ್ತದೆ.

ಮೂರನೆಯದು ದಾರಿಯ ಲೆಕ್ಕ. ಯಾದಗಿರಿಯ ಹಳ್ಳಿಯೊಂದರ ರೋಗಿ ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಕಲಬುರಗಿಗೋ ಬೆಂಗಳೂರಿಗೋ ಬರುತ್ತಾನೆ. ದಾರಿಯುದ್ದಕ್ಕೂ ಗ್ಲೂಕೋಸ್, ಆಮ್ಲಜನಕ, ಬಿ.ಪಿ. ಏರಿಸುವ ಔಷಧ ಹೋಗಿರುತ್ತವೆ. ಕೊನೆಯ ಐಸಿಯುವಿನಲ್ಲಿ ಅಳತೆ ಹಿಡಿಯುವಾಗ ಸಂಖ್ಯೆಗಳು ಸುಧಾರಿಸಿರುತ್ತವೆ. ದೇಹದೊಳಗಿನ ಹಾನಿ ಸುಧಾರಿಸಿರುವುದಿಲ್ಲ. ಅಂಕ ಕಡಿಮೆ, ಅಪಾಯ ಹೆಚ್ಚು. ರೋಗಿ ಎಲ್ಲಿಂದ ಬಂದ ಎಂಬುದೇ ಅಪಾಚಿ-2ಕ್ಕೆ ಹೊರತಾಗಿ ಸಾವನ್ನು ಸೂಚಿಸುತ್ತದೆ ಎಂದು ಅಮೆರಿಕದ ಅಧ್ಯಯನವೊಂದು 1990ರಲ್ಲೇ ತೋರಿಸಿತ್ತು. ಇನ್ನು ರಕ್ತದ ಆಮ್ಲತೆ, ಆಮ್ಲಜನಕ ಅಳೆಯುವ ಪರೀಕ್ಷೆಯನ್ನೇ ಮಾಡದಿದ್ದರೆ ಏನಾಗುತ್ತದೆ? ಅಳೆಯದ್ದನ್ನು ಸಹಜ ಎಂದು ಭಾವಿಸಿ ಸೊನ್ನೆ ಹಾಕುವುದು ವಾಡಿಕೆ. ಪ್ರಯೋಗಾಲಯ ರಾತ್ರಿ ಮುಚ್ಚಿರುವ ಆಸ್ಪತ್ರೆಯ ರೋಗಿ ಹೀಗೆ ಕಾಗದದ ಮೇಲೆ ಆರೋಗ್ಯವಂತನಾಗುತ್ತಾನೆ.

ಫಲಿತಾಂಶದ ದಾಖಲೆಯೂ ಇಲ್ಲಿ ಗಟ್ಟಿಯಿಲ್ಲ. ದುಡ್ಡು ಮುಗಿದು, ಆಸೆ ಕಳೆದು, ವೈದ್ಯರ ಸಲಹೆಗೆ ವಿರುದ್ಧವಾಗಿ ಎಂದು ಸಹಿ ಹಾಕಿ ಮನೆಗೆ ಕರೆದೊಯ್ದ ರೋಗಿ ಆಸ್ಪತ್ರೆಯ ಪುಸ್ತಕದಲ್ಲಿ ಜೀವಂತವಾಗಿ ಬಿಡುಗಡೆಯಾದವನು. ಆ್ಯಂಬುಲೆನ್ಸ್ ಊರು ಮುಟ್ಟುವ ಮೊದಲೇ ಅವನು ತೀರಿಕೊಂಡಿರಬಹುದು. 2010–11ರಲ್ಲಿ ದೇಶದ 120ಕ್ಕೂ ಹೆಚ್ಚು ಐಸಿಯುಗಳ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ‘ಇಂಡಿಕ್ಯಾಪ್ಸ್’ ಸಮೀಕ್ಷೆಯಲ್ಲಿ ಐಸಿಯು ಸಾವಿನ ಪ್ರಮಾಣ ಶೇ 18ರಷ್ಟು ಎಂದು ಕಂಡುಬಂತು. ದೇಶದ ಐಸಿಯುಗಳ ಬಗ್ಗೆ ಅಂಥ ಸಮೀಕ್ಷೆ ಅಮೂಲ್ಯ. ಆದರೆ ಮನೆಗೆ ಹೋಗಿ ಸತ್ತವರನ್ನು ಹಿಂಬಾಲಿಸದೆ ಯಾವ ಆಸ್ಪತ್ರೆಯೂ ತನ್ನ ಅಂಕ ಎಷ್ಟು ನಿಜ ನುಡಿಯುತ್ತದೆ ಎಂದು ಹೇಳಲಾರದು.

ಇಲ್ಲಿಯವರೆಗಿನದು ಲೆಕ್ಕದ ದೋಷ. ಅದಕ್ಕಿಂತ ಭಯಾನಕವಾದದ್ದು, ಲೆಕ್ಕ ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಬಗೆ. ಸಾಯುತ್ತಾನೆಂದು ಅಂಕ ಹೇಳುತ್ತದೆ. ಆದ್ದರಿಂದ ಚಿಕಿತ್ಸೆ ತಗ್ಗಿಸುತ್ತಾರೆ. ಆದ್ದರಿಂದ ಅವನು ಸಾಯುತ್ತಾನೆ. ಅಂಕ ಸರಿಯಾಗಿತ್ತು ಎಂದು ದಾಖಲಾಗುತ್ತದೆ. ಇದು ಕಲ್ಪನೆಯ ಆರೋಪವಲ್ಲ. ಮೆದುಳಿನ ರಕ್ತಸ್ರಾವಕ್ಕೆಂದೇ 2001ರಲ್ಲಿ ಅಮೆರಿಕದಲ್ಲಿ ಒಂದು ಅಂಕಪದ್ಧತಿ ಬಂತು. ಅದಕ್ಕೆ ಆಧಾರ 152 ರೋಗಿಗಳು. 5 ಅಂಕ ಪಡೆದವರೆಲ್ಲರೂ ತಿಂಗಳೊಳಗೆ ತೀರಿಕೊಂಡಿದ್ದರು. ಅದೇ ವರ್ಷ ಮತ್ತೊಂದು ಸಂಶೋಧನೆ, ಇಂಥ ರೋಗಿಗಳ ಸಾವಿಗೆ ಚಿಕಿತ್ಸೆ ಹಿಂತೆಗೆದುಕೊಂಡದ್ದೇ ದೊಡ್ಡ ಕಾರಣವಾಗಿರಬಹುದೆಂದು ಎಚ್ಚರಿಸಿತು. ಆಮೇಲೆ ನಡೆದ ಒಂದು ಪರೀಕ್ಷೆ ವಿಷಯವನ್ನು ಸ್ಪಷ್ಟಪಡಿಸಿತು. ಪ್ರಜ್ಞೆ ತೀರಾ ಕುಸಿದ 109 ರೋಗಿಗಳಿಗೆ ಮೊದಲ ಐದು ದಿನ ಯಾವ ರಿಯಾಯಿತಿಯೂ ಇಲ್ಲದೆ ಪೂರ್ಣ ಚಿಕಿತ್ಸೆ ಕೊಟ್ಟರು. ಅಂಕಪದ್ಧತಿಯ ಪ್ರಕಾರ ಅರ್ಧದಷ್ಟು ಜನ ಮೂವತ್ತು ದಿನದೊಳಗೆ ಸಾಯಬೇಕಿತ್ತು. ಸತ್ತವರು ಶೇ 20. 2015ರಲ್ಲಿ ಇದು ಪ್ರಕಟವಾಯಿತು. ಅಮೆರಿಕದ ಹೃದ್ರೋಗ ಮತ್ತು ಪಾರ್ಶ್ವವಾಯು ಸಂಘಟನೆಯ ಮಾರ್ಗಸೂಚಿ, ಮೆದುಳಿನ ರಕ್ತಸ್ರಾವದಲ್ಲಿ ಚಿಕಿತ್ಸೆ ಮಿತಿಗೊಳಿಸುವ ಹೊಸ ನಿರ್ಧಾರವನ್ನು ಕನಿಷ್ಠ ಎರಡನೆಯ ಪೂರ್ಣ ದಿನದವರೆಗಾದರೂ ಮುಂದೂಡಬೇಕು ಎಂದು ಹೇಳುತ್ತದೆ.

ಕೋವಿಡ್ ಕಾಲದಲ್ಲಿ ಇದೇ ತಪ್ಪು ಸರ್ಕಾರಿ ನೀತಿಯಾಯಿತು. ಸೋಫಾ ಅಂಕವನ್ನು ಜಾನ್-ಲೂಯಿ ವಿನ್ಸೆಂಟ್ ನೇತೃತ್ವದ ತಂಡ 1996ರಲ್ಲಿ ಪ್ರಕಟಿಸಿತ್ತು. ಆರು ಅಂಗಗಳ ಸ್ಥಿತಿಗೆ ತಲಾ 0ರಿಂದ 4, ಒಟ್ಟು 24. ಅಂಗಾಂಗಗಳು ಹೇಗೆ ಸೋಲುತ್ತಾ ಹೋಗುತ್ತವೆ ಎಂದು ದಿನದಿನ ವಿವರಿಸುವುದು ಉದ್ದೇಶ, ಸಾವು ಮುನ್ಸೂಚಿಸುವುದಲ್ಲ ಎಂದು ಆ ಮೂಲ ಲೇಖನದಲ್ಲೇ ಇತ್ತು. ಆದರೂ ವೆಂಟಿಲೇಟರ್ ಕೊರತೆಯಾದರೆ ಯಾರಿಗೆ ಕೊಡಬೇಕು ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ 2015ರ ಮಾರ್ಗಸೂಚಿ ಸೋಫಾವನ್ನೇ ಅಳತೆಗೋಲು ಮಾಡಿತು. ಕೋವಿಡ್ ಬಂದಾಗ ಅಮೆರಿಕದ ಇನ್ನೂ ಹಲವು ರಾಜ್ಯಗಳು ಆ ದಾರಿ ಹಿಡಿದವು. 2021ರಲ್ಲಿ ಅಮೆರಿಕದ ನೈರುತ್ಯ ಭಾಗದ 18 ಐಸಿಯುಗಳಲ್ಲಿ ವೆಂಟಿಲೇಟರ್ ಬೇಕಾದ ಕೋವಿಡ್ ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದಾಗ ಸೋಫಾದ ವಿವೇಚನಾ ಬಲ, ಅಂದರೆ ಹಿಂದೆ ಹೇಳಿದ ಇಬ್ಬರನ್ನು ಹೋಲಿಸುವ ಅಳತೆ, 0.59 ಎಂದು ತಿಳಿಯಿತು. ನಾಣ್ಯ ಚಿಮ್ಮಿದರೆ ಸಿಗುವುದು 0.50. ಬೇರೇನನ್ನೂ ನೋಡದೆ ವಯಸ್ಸೊಂದನ್ನೇ ಕೇಳಿದ್ದರೂ 0.66 ಸಿಗುತ್ತಿತ್ತು. ಅದೇ ವರ್ಷದ ಮತ್ತೊಂದು ಅಧ್ಯಯನದಲ್ಲಿ, ಸೋಫಾ ಕಪ್ಪು ಜನಾಂಗದ ರೋಗಿಗಳ ಸಾವಿನ ಸಾಧ್ಯತೆಯನ್ನು ಇರುವುದಕ್ಕಿಂತ ಹೆಚ್ಚೆಂದು ಹೇಳುತ್ತದೆ ಎಂದು ಹೊರಬಂತು. ಅಂದರೆ ವೆಂಟಿಲೇಟರ್ ಸಾಲಿನಲ್ಲಿ ಅವರನ್ನು ಅನ್ಯಾಯವಾಗಿ ಹಿಂದಕ್ಕೆ ತಳ್ಳುತ್ತದೆ. ಅಂಕದಲ್ಲಿ ಪಕ್ಷಪಾತವಿಲ್ಲ ಎಂಬ ಪೂರ್ವಪಕ್ಷದ ಬಹುದೊಡ್ಡ ಆಧಾರ ಇಲ್ಲಿಗೆ ಬಿದ್ದುಹೋಗುತ್ತದೆ.

ಔಷಧ ನೀತಿಯೂ ಇದೇ ಬಲೆಯಲ್ಲಿ ಬಿದ್ದಿತ್ತು. ಎಲೈ ಲಿಲ್ಲಿ ಕಂಪನಿಯ ಝೈಗ್ರಿಸ್ ಎಂಬ ದುಬಾರಿ ಔಷಧಕ್ಕೆ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಯಾರಿಗೆ ಕೊಡಬೇಕು ಎಂಬುದಕ್ಕೆ ಅವರು ಸೂಚಿಸಿದ ಗುರುತು, ತೀವ್ರ ಸೋಂಕಿನ ಜೊತೆ ಅಪಾಚಿ-2 ಅಂಕ 25 ಅಥವಾ ಹೆಚ್ಚು. 24 ಅಂಕದವರಿಗೂ 25 ಅಂಕದವರಿಗೂ ನಡುವೆ ದೇಹದಲ್ಲಿ ಯಾವ ಗೋಡೆಯೂ ಇಲ್ಲ; ಅಂಕ ಹಾಕುವವರು ಬದಲಾದರೂ ಅಷ್ಟು ವ್ಯತ್ಯಾಸ ಬರುತ್ತದೆ. ಹತ್ತು ವರ್ಷದ ನಂತರ ಆಘಾತಸ್ಥಿತಿಯ ರೋಗಿಗಳಲ್ಲಿ ಮತ್ತೊಮ್ಮೆ ಪರೀಕ್ಷಿಸಿದಾಗ ಔಷಧದಿಂದ ಪ್ರಯೋಜನವಿಲ್ಲ ಎಂದು ಸಾಬೀತಾಯಿತು. 2011ರ ಅಕ್ಟೋಬರಿನಲ್ಲಿ ಕಂಪನಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು.

ಹಳೆಯ ಅಂಕಗಳು ಹೋಗಲಿ, ಕೃತಕ ಬುದ್ಧಿಮತ್ತೆ ಬಂದಿದೆಯಲ್ಲ ಎಂಬ ಸಮಾಧಾನ ಈಗ ಕೇಳಿಬರುತ್ತಿದೆ. ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಎಪಿಕ್ ಕಂಪನಿಯ ಸೆಪ್ಸಿಸ್ (ತೀವ್ರ ಸೋಂಕು) ಮುನ್ಸೂಚನಾ ಸೂತ್ರ ಬಳಕೆಯಲ್ಲಿತ್ತು. ಮಿಷಿಗನ್ ವಿಶ್ವವಿದ್ಯಾಲಯದವರು ತಮ್ಮ ಆಸ್ಪತ್ರೆಯಲ್ಲಿ ಸ್ವತಂತ್ರವಾಗಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು: ವಿವೇಚನಾ ಬಲ 0.63, ಸೆಪ್ಸಿಸ್ ಆದವರಲ್ಲಿ ಮೂರನೇ ಎರಡರಷ್ಟು ಜನರನ್ನು ಅದು ಗುರುತಿಸಲೇ ಇಲ್ಲ. ಯಂತ್ರ ಎಷ್ಟೇ ಹೊಸದಾಗಿರಲಿ, ಪರವೂರಿನ ಮಾಹಿತಿಯಲ್ಲಿ ಕಲಿತದ್ದನ್ನು ಈ ಊರಿನಲ್ಲಿ ಪರೀಕ್ಷಿಸದೆ ನಂಬುವಂತಿಲ್ಲ.

ಹಾಗಾದರೆ ಅಂಕಗಳನ್ನು ಕಸದ ಬುಟ್ಟಿಗೆ ಹಾಕಬೇಕೆ? ಇಲ್ಲ. ನೂರಾರು ರೋಗಿಗಳ ಮೊತ್ತದಲ್ಲಿ ನಿರೀಕ್ಷಿತ ಸಾವು ಎಷ್ಟು, ಆದದ್ದೆಷ್ಟು ಎಂದು ಒಂದು ಐಸಿಯು ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು, ಸಂಶೋಧನೆಯಲ್ಲಿ ಎರಡು ಗುಂಪುಗಳ ರೋಗತೀವ್ರತೆ ಸಮನಾಗಿದೆಯೇ ಎಂದು ನೋಡಲು ಇವು ಬೇಕೇ ಬೇಕು. ಅಲ್ಲೂ ಎಚ್ಚರ ಬೇಕು. ಮೊದಲ 24 ಗಂಟೆಗಳ ಅತಿ ಕೆಟ್ಟ ಮೌಲ್ಯ ಹಿಡಿಯುವುದರಿಂದ, ಆ ಅವಧಿಯಲ್ಲಿ ಆರೈಕೆ ಕಳಪೆಯಾಗಿದ್ದರೆ ಅಂಕ ಏರುತ್ತದೆ, ನಿರೀಕ್ಷಿತ ಸಾವು ಏರುತ್ತದೆ, ಕಳಪೆ ಆಸ್ಪತ್ರೆ ಒಳ್ಳೆಯದೆಂದು ಕಾಣುತ್ತದೆ. ಬ್ರಿಟನ್ನಿನ ಇಬ್ಬರು ವೈದ್ಯರು 1990ರ ದಶಕದ ಆರಂಭದಲ್ಲೇ ಇದನ್ನು ಎತ್ತಿ ತೋರಿಸಿದ್ದರು.

ಎದುರಾಳಿಗಳ ಕಡೆಯ ಬಲವಾದ ವಾದವೊಂದು ಉಳಿದಿದೆ. ಅಂಕ ಬೇಡವೆಂದರೆ ವೈದ್ಯರ ಮರ್ಜಿಗೆ ಎಲ್ಲವನ್ನೂ ಒಪ್ಪಿಸಿದಂತಾಗುವುದಿಲ್ಲವೇ? ಉಳಿಯದವರನ್ನು ವಾರಗಟ್ಟಲೆ ವೆಂಟಿಲೇಟರಿನಲ್ಲಿಟ್ಟು ಬಿಲ್ ಏರಿಸುವುದಕ್ಕೆ ಕಡಿವಾಣ ಬೇಡವೇ? ಈ ಆತಂಕ ನ್ಯಾಯವಾದದ್ದು. ಉಳಿಸಲಾಗದವರ ಸಾವನ್ನು ಎಳೆದಾಡುವುದು ಕ್ರೌರ್ಯ. ಮನೆಯವರನ್ನು ಸಾಲದಲ್ಲಿ ಮುಳುಗಿಸುವುದು ಅನ್ಯಾಯ. ಆದರೆ ಅದಕ್ಕೆ ಮದ್ದು ಮೊದಲ ದಿನದ ಸಂಖ್ಯೆಯಲ್ಲ. ಮೊದಲ 24 ಗಂಟೆಗಳಲ್ಲಿ ಐಸಿಯು ವೈದ್ಯರ ಅಂದಾಜು ಅಂಕಪದ್ಧತಿಗಳಿಗಿಂತ ಮೇಲು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2006ರಲ್ಲಿ ತೋರಿಸಿತು. ಆ ಅಂದಾಜು ಕೂಡ ಪರಿಪೂರ್ಣವಲ್ಲ ಎಂದೂ ಹೇಳಿತು. ಇಬ್ಬರೂ ತಪ್ಪುತ್ತಾರಾದ್ದರಿಂದ ಇಬ್ಬರಿಗೂ ಕಾಲಾವಕಾಶ ಬೇಕು.

ಕಾಲ ಏನು ಕೊಡುತ್ತದೆ ಎಂಬುದಕ್ಕೂ ಸಾಕ್ಷ್ಯವಿದೆ. ಬ್ರಸೆಲ್ಸ್‌ನಲ್ಲಿ 352 ರೋಗಿಗಳ ಸೋಫಾ ಅಂಕವನ್ನು ಮತ್ತೆ ಮತ್ತೆ ಅಳೆದು ಗಮನಿಸಿದ 2001ರ ಅಧ್ಯಯನದಲ್ಲಿ, ಆರಂಭದ ಅಂಕ ಎಷ್ಟೇ ಇರಲಿ, ಮೊದಲ 96 ಗಂಟೆಗಳಲ್ಲಿ ಅದು ಏರಿದವರಲ್ಲಿ ಅರ್ಧ ಅಥವಾ ಹೆಚ್ಚು ಜನ ಸತ್ತರು. ಇಳಿದವರಲ್ಲಿ ಸತ್ತವರು ಶೇ 27ಕ್ಕಿಂತ ಕಡಿಮೆ. ರೋಗಿ ಚಿಕಿತ್ಸೆಗೆ ಹೇಗೆ ಸ್ಪಂದಿಸುತ್ತಿದ್ದಾನೆ ಎಂಬುದು ಅವನು ಬಂದ ದಿನದ ಸ್ಥಿತಿಗಿಂತ ಹೆಚ್ಚು ಹೇಳುತ್ತದೆ. ಆದ್ದರಿಂದಲೇ ಇಂತಿಷ್ಟು ದಿನ ಪೂರ್ಣ ಚಿಕಿತ್ಸೆ, ಇಂಥಿಂಥ ಸುಧಾರಣೆ ಕಾಣದಿದ್ದರೆ ಮರುಚಿಂತನೆ ಎಂದು ಮನೆಯವರ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಹಲವು ಕಡೆ ಬೇರೂರುತ್ತಿದೆ.

ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. ಗುಣವಾಗದ ರೋಗಿಗಳ ಜೀವರಕ್ಷಕ ಚಿಕಿತ್ಸೆ ಹಿಂತೆಗೆದುಕೊಳ್ಳುವ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟು, 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಆಸ್ಪತ್ರೆಗಳಲ್ಲಿ ಪ್ರಾಥಮಿಕ ಮತ್ತು ದ್ವಿತೀಯ ವೈದ್ಯಕೀಯ ಮಂಡಳಿಗಳು ರೋಗಿಯ ಸ್ಥಿತಿ ಪರಿಶೀಲಿಸಿ ಅಭಿಪ್ರಾಯ ಕೊಡಬೇಕು. ಘನತೆಯಿಂದ ಸಾಯುವ ಹಕ್ಕಿಗೆ ದಾರಿ ತೆರೆದ ಈ ಆದೇಶ ಸ್ವಾಗತಾರ್ಹ. ಆ ಮಂಡಳಿಗಳ ಮೇಜಿನ ಮೇಲೆ ಯಾವ ಕಾಗದ ಆಧಾರವಾಗಿ ಬರುತ್ತದೆ ಎಂಬುದರ ಮೇಲೆ ಅದರ ನ್ಯಾಯ ನಿಂತಿದೆ. ಅಲ್ಲಿ ಅಪಾಚಿ ಶೇಕಡಾವಾರು ಏಕೈಕ ಅಥವಾ ಮುಖ್ಯ ಆಧಾರವಾಗಕೂಡದು ಎಂದು ಇಲಾಖೆ ಸ್ಪಷ್ಟವಾಗಿ ಬರೆಯಬೇಕು.

ಅದರ ಜೊತೆಗೆ ಇನ್ನೂ ಕೆಲವು ಕೆಲಸಗಳಿವೆ. ತನ್ನ ರೋಗಿಗಳ ಮೇಲೆ ಪರೀಕ್ಷಿಸದ ಸೂತ್ರದ ಶೇಕಡಾವಾರನ್ನು ಯಾವ ಆಸ್ಪತ್ರೆಯೂ ಮನೆಯವರ ಮುಂದೆ ಹೇಳಬಾರದು. ವೈದ್ಯಕೀಯ ಕಾಲೇಜುಗಳ ಐಸಿಯುಗಳಾದರೂ ತಮ್ಮ ರೋಗಿಗಳ ಅಂಕ ಮತ್ತು ಫಲಿತಾಂಶವನ್ನು, ಮನೆಗೆ ಹೋದವರನ್ನೂ ಸೇರಿಸಿ, ಒಂದೆಡೆ ದಾಖಲಿಸಬೇಕು. ದೇಶದ ಹಲವು ಐಸಿಯುಗಳನ್ನು ಜೋಡಿಸುವ ‘ಐರಿಸ್’ ದಾಖಲಾತಿ ಜಾಲ ಈಗಾಗಲೇ ಇರುವುದರಿಂದ ಇದು ಆಗದ ಕೆಲಸವಲ್ಲ. ನಮಗಿಂತ ಬಡ ದೇಶವಾದ ರುವಾಂಡಾದ ಐಸಿಯುಗಳಿಗಾಗಿ, ಅಲ್ಲಿನ ರೋಗಿಗಳ ಮಾಹಿತಿಯಿಂದಲೇ, ದುಬಾರಿ ಪರೀಕ್ಷೆಗಳನ್ನು ಬೇಡದ ಸರಳ ಸೂತ್ರವನ್ನು 2016ರಲ್ಲೇ ಕಟ್ಟಿದ್ದಾರೆ. ಹಾವು ಕಡಿತ, ಕೀಟನಾಶಕ, ಡೆಂಗಿ, ಮಂಗನ ಕಾಯಿಲೆಗಳನ್ನು ಒಳಗೊಂಡ ಸ್ವಂತ ಲೆಕ್ಕ ಕರ್ನಾಟಕಕ್ಕೂ ಬೇಕು.

ಅಲ್ಲಿಯವರೆಗೆ ಐಸಿಯು ಬಾಗಿಲಲ್ಲಿ ಶೇಕಡಾವಾರು ಕೇಳಿಸಿಕೊಳ್ಳುವ ಪ್ರತಿ ಕುಟುಂಬವೂ ವೈದ್ಯರನ್ನು ಮೂರು ಪ್ರಶ್ನೆ ಕೇಳಲಿ: ಈ ಲೆಕ್ಕ ಯಾವ ದೇಶದ, ಯಾವ ವರ್ಷದ ರೋಗಿಗಳದ್ದು? ಈ ಆಸ್ಪತ್ರೆಯಲ್ಲಿ ಅದು ಎಷ್ಟು ಸರಿಬಂದಿದೆ? ಎರಡು ಮೂರು ದಿನ ಪೂರ್ಣ ಚಿಕಿತ್ಸೆ ಕೊಟ್ಟ ಮೇಲೆ ರೋಗಿಯ ಸ್ಥಿತಿ ನೋಡಿ ನಿರ್ಧರಿಸಬಹುದೇ? ಮೊದಲೆರಡಕ್ಕೆ ಉತ್ತರ ಸಿಗದಿದ್ದರೆ ಮೂರನೆಯದಕ್ಕೆ ಹೌದು ಎನ್ನುವ ಹೊಣೆ ವೈದ್ಯರ ಮೇಲಿದೆ.